ಉಂಡದ್ದು, ಆದದ್ದು

ಲೋಟದ ತಳದಲ್ಲಿ ಉಳಿದಿದ್ದ ಹಾಲನ್ನು ಅಜ್ಜಿ ಸಣ್ಣ ಸೀಸೆಗೆ ಬಗ್ಗಿಸಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಮೂವತ್ತೊಂದು ವರ್ಷ ಗಾಜಿನ ಕಾರ್ಖಾನೆಯಲ್ಲಿ ದುಡಿದ ಕೈ. ಅರವತ್ತೇಳು ತುಂಬಿದ್ದರೂ ಸೀಸೆ ಹಿಡಿದಾಗ ಮಾತ್ರ ನಡುಗುತ್ತಿರಲಿಲ್ಲ. ಮುಚ್ಚಳ ಬಿಗಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು. ತಳದಲ್ಲಿ ಕಂದುಬಣ್ಣದ ಗಸಿ ನಿಂತಿತ್ತು. ಅದೇ ಪುಡಿ.

ಬೆಳಿಗ್ಗೆ ಹತ್ತು ಗಂಟೆಯಾಗಿತ್ತು. ಅಳಿಯನ ಎರಡನೆಯ ಹೆಂಡತಿ, ಆ ಔಷಧದಂಗಡಿಯವಳು, ಕೆಲಸಕ್ಕೆ ಹೊರಟು ಒಂದು ತಾಸು ಕಳೆದಿತ್ತು. ಲಾರಿ ಓಡಿಸುವ ಅಳಿಯ ಸರಕು ತುಂಬಿಕೊಂಡು ಹೋದವನು ನಾಳೆ ಸಂಜೆಗೆ ಮುಂಚೆ ಬರುವವನಲ್ಲ. ಒಳಕೋಣೆಯಲ್ಲಿ ಮೊಮ್ಮಗಳು ಗುಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹುಟ್ಟಿದಾಗ ಕೆನ್ನೆ ತುಂಬಿಕೊಂಡು ಗುಂಡಗಿದ್ದಳೆಂದು ಹಾಗೆ ಕರೆದದ್ದು. ಈಗ ಹನ್ನೊಂದನೆಯ ವರ್ಷಕ್ಕೆ ಬೆಂಕಿಕಡ್ಡಿಯಂತಾಗಿದ್ದಳು, ಹೆಸರು ಮಾತ್ರ ಹಾಗೇ ಉಳಿದಿತ್ತು.

ಹಿಂದಿನ ಸಂಜೆ ಈ ಹುಡುಗಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಅಜ್ಜಿಯ ಮುಖ ನೋಡಿ, "ಟೀಚರ್, ಬಸ್ಸು ಹೋಗ್ಬಿಡ್ತಾ?" ಎಂದು ಕೇಳಿದ್ದಳು. ತಮಾಷೆಗೆಂದುಕೊಂಡು ಅಜ್ಜಿ ನಕ್ಕಳು. ಹುಡುಗಿ ನಗಲಿಲ್ಲ. ನಿಂತಲ್ಲೇ ತೂಗಾಡಿದಳು, ಸಿಂಕಿನ ಅಂಚು ಹಿಡಿದು ವಾಂತಿ ಮಾಡಿಕೊಂಡಳು, ಆಮೇಲೆ ಯಾರು ಕರೆದರೂ ಓಗೊಡದೆ ಹೋಗಿ ಮಲಗಿಬಿಟ್ಟಳು. ಎರಡು ತಿಂಗಳಲ್ಲಿ ಹೀಗಾದದ್ದು ಇದು ಮೂರನೆಯ ಸಲ. ಪಕ್ಕದ ಬೀದಿಯ ಡಾಕ್ಟರು ಮೊದಲ ಸಲ ಅಜೀರ್ಣ ಎಂದಿದ್ದರು, ಎರಡನೆಯ ಸಲ ಪರೀಕ್ಷೆಯ ಭಯ ಎಂದಿದ್ದರು. ಈ ಸಲ ಅವರ ಹತ್ತಿರ ಹೋಗುವುದೇ ದಂಡ ಎಂದು ಅಜ್ಜಿಗೆ ಅನ್ನಿಸಿತ್ತು. ಕಾಯಿಲೆ ಇದ್ದರಲ್ಲವೇ ಡಾಕ್ಟರಿಗೆ ಕಾಣುವುದು.

ಸೀಸೆಗೆ ತಾರೀಖಿನ ಚೀಟಿ ಅಂಟಿಸಿ, ತನ್ನ ಟ್ರಂಕಿನಲ್ಲಿ ಹಳೆಯ ಬಟ್ಟೆಗಳ ಕೆಳಗೆ ಇಟ್ಟಳು. ಅಲ್ಲಿ ಆಗಲೇ ಎರಡು ಸೀಸೆಗಳಿದ್ದವು. ಮೊದಲನೆಯದರ ಹಾಲು ಮೊಸರಾಗಿ, ಮೊಸರು ಇನ್ನೇನೋ ಆಗಿ, ಟ್ರಂಕು ತೆರೆದರೆ ನುಸಿಗುಳಿಗೆಯ ವಾಸನೆಯೇ ಸೋತು ಮೂಲೆ ಸೇರುವಂತಿತ್ತು. ಅಜ್ಜಿ ಮೂಗು ಮುಚ್ಚಿಕೊಂಡೇ ಬೀಗ ಹಾಕಿದಳು.

ಆಮೇಲೆ ನೋಟ್‌ಬುಕ್ಕು ತೆಗೆದಳು. ಗುಂಡುವಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳು. ಸ್ಕೇಲು ಇಟ್ಟು ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದಳು: ತಾರೀಖು, ಉಂಡದ್ದು, ಆದದ್ದು, ಯಾರ ಕೈಯದು. ನಿನ್ನೆಯ ತಾರೀಖಿನ ಮುಂದೆ 'ಮಧ್ಯಾಹ್ನ ಕೋಳಿ, ಸಂಜೆ ಪುಡಿ ಹಾಕಿದ ಹಾಲು' ಎಂದೂ, 'ತೂಗಾಟ, ಅರಳುಮರಳು ಮಾತು, ವಾಂತಿ, ನಿದ್ದೆ' ಎಂದೂ ಬರೆದಳು. ಕೊನೆಯ ಕಾಲಂನಲ್ಲಿ, ಮೇಲಿನ ಸಾಲುಗಳಲ್ಲಿ ಇದ್ದಂತೆಯೇ, 'ಅವಳದು' ಎಂದು ಬರೆದಳು.

ಕಾರ್ಖಾನೆಯಲ್ಲಿ ಅಜ್ಜಿಯ ಕೆಲಸ ಸೀಸೆ ಮಾಡುವುದಲ್ಲ, ನೋಡುವುದು. ಬೆಳಕಿನ ಪೆಟ್ಟಿಗೆಯೆದುರು ಕೂತು, ಪಟ್ಟಿಯ ಮೇಲೆ ಸಾಗಿಬರುವ ಸೀಸೆಗಳಲ್ಲಿ ಕೂದಲೆಳೆಯಂಥ ಬಿರುಕು, ಸಾಸಿವೆಯಷ್ಟು ಗುಳ್ಳೆ ಹುಡುಕಿ ಪಕ್ಕಕ್ಕೆ ತೆಗೆಯುವುದು. ಅವಳ ಪಾಳಿಯಲ್ಲಿ ತಿರಸ್ಕಾರಗೊಂಡ ಸೀಸೆಗಳೇ ಹೆಚ್ಚೆಂದು ಮೇಲ್ವಿಚಾರಕ ಗೊಣಗುತ್ತಿದ್ದ. ಏನೂ ತಪ್ಪಿಲ್ಲದ ಸೀಸೆ ಸಿಕ್ಕರೆ ಅವಳಿಗೆ ನೆಮ್ಮದಿಯಾಗುತ್ತಿರಲಿಲ್ಲ. ತಾನು ಸರಿಯಾಗಿ ನೋಡಿಲ್ಲವೇನೋ ಎಂದು ಇನ್ನೊಮ್ಮೆ ತಿರುಗಿಸುತ್ತಿದ್ದಳು. ಆ ಕಣ್ಣು ಕೆಲಸ ಬಿಟ್ಟ ಮೇಲೆ ಮನೆಗೆ ಬಂದಿತ್ತು.

ಮಗಳು ತೀರಿಕೊಂಡು ಆರು ವರ್ಷವಾಗಿತ್ತು. ಗುಂಡುವಿಗಿಂತ ಮುಂಚೆ ಹುಟ್ಟಿದ ಗಂಡುಮಗು ಮೂರು ದಿನ ಬದುಕಿ ಹೋಗಿತ್ತು. ಗುಂಡುವಿನ ನಂತರ ಹುಟ್ಟಿದ ಗಂಡುಮಗು ನಾಲ್ಕನೆಯ ದಿನ ಹಾಲು ಕುಡಿಯುವುದನ್ನು ಬಿಟ್ಟು, ಕುತ್ತಿಗೆ ಸೋತು, ಕಣ್ಣು ಮುಚ್ಚಿತು. ಅದಾದ ಐದನೆಯ ದಿನಕ್ಕೆ ಬಾಣಂತಿಯ ಮಾತು ತಪ್ಪಿತು. ಸ್ವಂತ ತಾಯಿಯನ್ನೇ ಯಾರು ನೀವು ಎಂದು ಕೇಳಿದಳು, ಕಿರುಚಿದಳು, ಆಮೇಲೆ ಮಲಗಿದವಳು ಏಳಲಿಲ್ಲ. ಮಗು ಹೋದ ದುಃಖ ಮಿದುಳಿಗೆ ಏರಿತು ಎಂದರು ಆಸ್ಪತ್ರೆಯವರು. ಅಜ್ಜಿ ನಂಬಲಿಲ್ಲ. ಹಿಂದಿನ ದಿನ ಬಂದು ಇಂಜೆಕ್ಷನ್ ಚುಚ್ಚಿ ಹೋದ ನರ್ಸಿನ ಮುಖ ಅವಳಿಗೆ ಇವತ್ತಿಗೂ ನೆನಪಿದೆ.

ಅಂದಿನಿಂದ ಅಳಿಯನ ಮನೆಯಲ್ಲೇ ಉಳಿದು ಗುಂಡುವನ್ನು ಸಾಕಿದಳು. ಹುಡುಗಿ ಅನ್ನ, ತರಕಾರಿ, ಹಣ್ಣು ಎಂದರೆ ಮುಂದೆ. ಮೊಟ್ಟೆ, ಮಾಂಸ, ಹಾಲು ಎಂದರೆ ಹಿಂದೆ. ಅಜ್ಜಿ ಒತ್ತಾಯ ಮಾಡಿದವಳಲ್ಲ. ಅವಳಿಗೂ ಅವು ಸೇರುತ್ತಿರಲಿಲ್ಲ. ತಿಂದರೆ ತಲೆ ಭಾರವಾಗುತ್ತಿತ್ತು. ಅಜ್ಜಿಯ ನಾಲಗೆ ಮೊಮ್ಮಗಳಿಗೆ ಬಂದಿದೆ ಎಂದು ಮಗಳೂ ನಗುತ್ತಿದ್ದಳು.

ಕಳೆದ ವರ್ಷ ಅಳಿಯ ಎರಡನೆಯ ಮದುವೆಯಾದ. ಹೆಣ್ಣು ಬಸ್ ನಿಲ್ದಾಣದ ಹತ್ತಿರದ ಔಷಧದಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕೊಡುವ ಕೆಲಸದವಳು, ಮೂವತ್ನಾಲ್ಕರ ಪ್ರಾಯ, ಮಾತು ಕಡಿಮೆ. ಮನೆಗೆ ಬಂದವಳೇ ಗುಂಡುವಿನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಮಗು ಬೆಳೀಬೇಕು, ಮೈಗೆ ಹಿಡಿಯುವಂಥದ್ದು ಏನಾದರೂ ಹೋಗಬೇಕು ಎಂದಳು. ಮೊಟ್ಟೆ ಬಂತು, ಮಾಂಸ ಬಂತು, ಅಂಗಡಿಯಿಂದ ಪುಡಿಯ ಡಬ್ಬಿ ಬಂತು. ಗುಂಡು ಅವಳನ್ನು ಚಿಕ್ಕಮ್ಮ ಎಂದು ಕರೆದಳು. ಬೇಡವೆಂದರೆ ಚಿಕ್ಕಮ್ಮ ಬೇಜಾರು ಮಾಡಿಕೊಳ್ಳುತ್ತಾಳೆಂದು ಕಣ್ಣು ಮುಚ್ಚಿ ನುಂಗಿದಳು, ನುಂಗಲಾಗದ್ದನ್ನು ಬಚ್ಚಿಟ್ಟಳು. ಒಮ್ಮೆ ಅವಳ ಪೆನ್ಸಿಲ್ ಡಬ್ಬಿಯಲ್ಲಿ ಒಣಗಿ ಕಲ್ಲಾದ ಮೊಟ್ಟೆಯ ಹಳದಿ ಸಿಕ್ಕಿತು. ಅಜ್ಜಿ ಅದನ್ನೂ ಕಾಗದದಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು.

ಮಲಮಗಳು ಇಲ್ಲವಾದರೆ ಯಾರಿಗೆ ಲಾಭ, ಔಷಧದ ಕೀಲಿಕೈ ಯಾರ ಕೈಯಲ್ಲಿದೆ, ಅಳಿಯ ಊರಲ್ಲಿಲ್ಲದ ದಿನವೇ ಯಾಕೆ ಹೀಗಾಗುತ್ತದೆ. ಯೋಚಿಸಿದಷ್ಟೂ ಎಲ್ಲ ಒಂದೇ ಕಡೆ ಬಂದು ನಿಲ್ಲುತ್ತಿತ್ತು.

ಮೂರು ಸೀಸೆಗಳನ್ನೂ ಚೀಲಕ್ಕೆ ಹಾಕಿಕೊಂಡು ಅಜ್ಜಿ ರಕ್ತಪರೀಕ್ಷೆಯ ಲ್ಯಾಬಿಗೆ ಹೋದಳು. ಅಲ್ಲಿದ್ದವನು ಒಂದು ಮುಚ್ಚಳ ತೆರೆದು, ಕೂಡಲೇ ಮುಚ್ಚಿ, ಮುಖ ಆ ಕಡೆ ತಿರುಗಿಸಿಕೊಂಡ. ತಾವು ರಕ್ತ, ಮೂತ್ರ ನೋಡುವವರು, ಇಂಥದ್ದನ್ನು ನೋಡುವುದು ಪೊಲೀಸರ ಲ್ಯಾಬು ಎಂದು ತಿಳಿಹೇಳಿದ. ಪೊಲೀಸರ ಮಾತು ಬಂದಾಗ ಅಜ್ಜಿ ಚೀಲ ಎತ್ತಿಕೊಂಡಳು. ಅಲ್ಲಿಯವರೆಗೆ ಹೋಗುವ ಮೊದಲು ಅಳಿಯನಿಗೆ ಒಂದು ಮಾತು ಹಾಕಬೇಕು.

ಅಳಿಯ ಬಂದ ದಿನ, ಹೆಂಡತಿ ಮನೆಯಲ್ಲಿಲ್ಲದ ಹೊತ್ತು ನೋಡಿ ನೋಟ್‌ಬುಕ್ಕು ತೋರಿಸಿದಳು. ಅವನು ಎರಡು ಹಾಳೆ ತಿರುವಿ, ಅತ್ತೆಗೆ ಹೊತ್ತು ಹೋಗುತ್ತಿಲ್ಲ ಎಂದು ಕಾಣುತ್ತದೆ ಎಂದ. ಅಜ್ಜಿ ನೋಟ್‌ಬುಕ್ಕು ವಾಪಸ್ಸು ತೆಗೆದುಕೊಂಡಳು. ಒಮ್ಮೆ ತೋರಿಸಿದ ಬಿರುಕು ಆಮೇಲೆ ಕಣ್ಣಿಗೆ ತಾನಾಗಿ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು.

ಹಾಗೇ ಆಯಿತು. ಆ ಸಂಜೆ ಮೂವರೂ ಮೇಜಿನ ಸುತ್ತ ಕೂತಿದ್ದಾಗ ಔಷಧದಂಗಡಿಯವಳು ಹಾಲಿನ ಲೋಟ ತಂದು ಗುಂಡುವಿನ ಮುಂದಿಟ್ಟಳು. ಗುಂಡು ಕೈ ಚಾಚುವ ಮೊದಲೇ ಅವಳಪ್ಪ ಲೋಟ ಎತ್ತಿಕೊಂಡು, ಏನೋ ಬಾಯಾರಿದವನ ಹಾಗೆ, ಎರಡು ಗುಟುಕು ಕುಡಿದ. ನಾಲಗೆಯ ಮೇಲೆ ಒಂದು ಗಳಿಗೆ ಇಟ್ಟುಕೊಂಡು ನುಂಗಿದ. ಲೋಟ ಕೆಳಗಿಟ್ಟ.

ಔಷಧದಂಗಡಿಯವಳು ನಿಂತೇ ಇದ್ದಳು. ಗಂಡನ ಕಡೆ ನೋಡಿದಳು, ಅಜ್ಜಿಯ ಕಡೆ ನೋಡಿದಳು, ಆಮೇಲೆ ಲೋಟದ ಕಡೆ.

"ಉಳಿದದ್ದು ನಾನು ಕುಡೀಲಾ?" ಎಂದು ಮೆಲ್ಲಗೆ ಕೇಳಿದಳು.

ಅವಳು ಲೋಟ ಎತ್ತಿ ಪೂರ್ತಿ ಕುಡಿದು, ಸಿಂಕಿನಲ್ಲಿ ತೊಳೆದು, ಬೋರಲು ಹಾಕಿದಳು. ಮಾರನೆಯ ದಿನದಿಂದ ಗುಂಡುವಿನ ತಟ್ಟೆಗೆ ಅವಳು ಏನನ್ನೂ ಬಡಿಸಲಿಲ್ಲ. ಪುಡಿಯ ಡಬ್ಬಿಯನ್ನು ಅಂಗಡಿಗೆ ವಾಪಸ್ಸು ತೆಗೆದುಕೊಂಡು ಹೋದಳು. ಮನೆಯಲ್ಲಿ ಎರಡು ಅಡುಗೆ ಶುರುವಾಯಿತು.

ಹದಿನೆಂಟು ದಿನ ಗುಂಡು ಚೆನ್ನಾಗಿದ್ದಳು. ನೋಟ್‌ಬುಕ್ಕಿನಲ್ಲಿ ಹದಿನೆಂಟು ಸಾಲು 'ಏನೂ ಇಲ್ಲ', 'ಏನೂ ಇಲ್ಲ', ಅದರ ಪಕ್ಕದಲ್ಲಿ 'ನನ್ನದು', 'ನನ್ನದು'. ಅಜ್ಜಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೂ ಔಷಧದಂಗಡಿಯವಳು ಬಾಗಿಲ ಹತ್ತಿರ ನಿಂತು ಹುಡುಗಿಯ ತಟ್ಟೆಯನ್ನು ನೋಡುವ ರೀತಿ ಅವಳಿಗೆ ಸೇರುತ್ತಿರಲಿಲ್ಲ. ಕೈಗೆ ಸಿಗದಿದ್ದರೇನು, ಬೇರೆ ದಾರಿ ಹುಡುಕುತ್ತಿದ್ದಾಳೆ ಎನ್ನಿಸುತ್ತಿತ್ತು.

ಹತ್ತೊಂಬತ್ತನೆಯ ದಿನ ಶಾಲೆಯಿಂದ ಕರೆ ಬಂತು. ವ್ಯಾಯಾಮದ ಮೇಷ್ಟ್ರು ಮಕ್ಕಳ ತೂಕ ನೋಡಿದ್ದರು. ಗುಂಡುವಿನ ತೂಕ ಎಂಟು ವರ್ಷದ ಮಗುವಿನಷ್ಟಿತ್ತು. ಅವರು ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ, ಮರ್ಯಾದೆಯಿಂದಲೇ, ಮನೆಯಲ್ಲಿ ಯಾರು ಅಡುಗೆ ಮಾಡುವವರು, ಮಗುವಿಗೆ ಹೊಟ್ಟೆ ತುಂಬ ಹಾಕುತ್ತೀರಾ, ತಾಯಿ ಇಲ್ಲದ ಮಗುವಲ್ಲವೇ ಎಂದು ಕೇಳಿದರು. ಮಾತಾಡುವಾಗ ಅಜ್ಜಿಯ ಮುಖವನ್ನೇ ನೋಡುತ್ತಿದ್ದರು. ಆ ನೋಟ ಯಾವುದೆಂದು ಅಜ್ಜಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ವಾಪಸ್ಸು ಬರುವಾಗ ತಮ್ಮ ಬೀದಿಯ ಅಂಗಡಿ ಬಿಟ್ಟು, ಮೂರು ಬೀದಿ ದಾಟಿ, ಗುರುತಿಲ್ಲದ ಅಂಗಡಿಯಲ್ಲಿ ಒಂದು ಡಜನ್ ಮೊಟ್ಟೆ ಕೊಂಡಳು. ಒಂದೊಂದನ್ನೂ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿಯೇ ಚೀಲಕ್ಕೆ ಹಾಕಿದ್ದು. ಅಂಗಡಿಯವನು, ಒಳಗೆ ಮರಿಯೇನಾದರೂ ಓದಿಕೊಂಡು ಕೂತಿದೆಯಾ ಎಂದು ಕೇಳಿದ. ತನ್ನ ಪಾತ್ರೆಯಲ್ಲಿ, ತಾನೇ ಹಿಡಿದ ನೀರಿನಲ್ಲಿ ಬೇಯಿಸಿದಳು. ಬೆಳಿಗ್ಗೆ ಎರಡು, ಸಂಜೆ ಎರಡು.

"ಬೇಡ ಅಜ್ಜಿ. ವಾಸನೆಗೇ ಹೊಟ್ಟೆ ತೊಳಸುತ್ತೆ," ಎಂದಳು ಗುಂಡು.

"ನನ್ನ ಕೈಯದು ಕಣೇ ಇದು. ನಾನು ಕೊಟ್ಟದ್ದು ನಿನಗೇನೂ ಮಾಡಲ್ಲ, ತಿನ್ನು."

ಹುಡುಗಿ ಅಜ್ಜಿಯ ಮುಖ ನೋಡಿ ತಿಂದಳು. ಅಜ್ಜಿ ಪ್ರತಿ ಸಲವೂ ಕೂಡಲೇ ನೋಟ್‌ಬುಕ್ಕು ತೆಗೆದು 'ಮೊಟ್ಟೆ ಎರಡು' ಎಂದೂ, ಕೊನೆಯಲ್ಲಿ 'ನನ್ನದು' ಎಂದೂ ದಪ್ಪಕ್ಷರದಲ್ಲಿ ಬರೆದಳು. 'ಆದದ್ದು' ಎಂಬ ಜಾಗವನ್ನು ಖಾಲಿ ಬಿಟ್ಟಳು. ಮೂರು ದಿನ ಕಳೆಯಲಿ, ಮೂರಕ್ಕೂ ಸೇರಿಸಿ 'ಏನೂ ಇಲ್ಲ' ಎಂದು ಬರೆದು ಅಳಿಯನ ಕೈಗೆ ಕೊಡುವುದೆಂದು ಇದ್ದಳು. ಎರಡನೆಯ ದಿನ ಹುಡುಗಿ ತಲೆನೋವೆಂದಳು. ಬಿಸಿಲಿಗಿರಬೇಕು ಎಂದುಕೊಂಡಳು ಅಜ್ಜಿ. ಆ ದಿನದ ಖಾಲಿ ಜಾಗದಲ್ಲಿ ಅದನ್ನು ಬರೆಯಲಿಲ್ಲ.

ಮೂರನೆಯ ದಿನ ಭಾನುವಾರ. ಬೆಳಗಿನ ಮೊಟ್ಟೆ ತಿಂದ ಗುಂಡು ಪಡಸಾಲೆಯಲ್ಲಿ ಕೂತು ಬಣ್ಣ ಹಚ್ಚುತ್ತಿದ್ದಳು. ಹನ್ನೊಂದರ ಸುಮಾರಿಗೆ ಅಜ್ಜಿ ನೋಡಿದರೆ ಬಣ್ಣ ಕಾಗದ ದಾಟಿ ನೆಲದ ಮೇಲೆ ಓಡುತ್ತಿತ್ತು. ಏನೇ ಅದು ಎಂದರೆ ಹುಡುಗಿ ತಲೆಯೆತ್ತಿ ನೋಡಿದಳು. ಆ ಕಣ್ಣಿಗೆ ಅಜ್ಜಿಯ ಗುರುತಿರಲಿಲ್ಲ. ಏನೋ ಬೈದಳು, ಹಿಂದೆಂದೂ ಬಾಯಲ್ಲಿ ಬಾರದ ಮಾತು. ಎದ್ದು ನಿಂತು, ಎರಡು ಹೆಜ್ಜೆಗೆ ಬಿದ್ದಳು. ಎತ್ತಿ ಕೂರಿಸಿದರೆ ಕೂರಲಿಲ್ಲ. ಕೆನ್ನೆ ತಟ್ಟಿದರೆ ಕಣ್ಣು ಬಿಡಲಿಲ್ಲ.

ಸದ್ದು ಕೇಳಿ ಒಳಗಿಂದ ಬಂದ ಚಿಕ್ಕಮ್ಮ ಹುಡುಗಿಯ ರೆಪ್ಪೆ ಎಳೆದು ನೋಡಿದಳು, ಕೈಯ ಚರ್ಮ ಗಟ್ಟಿಯಾಗಿ ಚಿವುಟಿದಳು. ಫೋನು ಮಾಡಿ ಗಾಡಿ ಕರೆಸಿದಳು. ಗಾಡಿ ಬರುವಷ್ಟರಲ್ಲಿ ಹುಡುಗಿಯ ಬಟ್ಟೆ, ಟವೆಲ್ಲು, ಹಳೆಯ ಔಷಧದ ಚೀಟಿ ಎಲ್ಲ ಒಂದು ಚೀಲಕ್ಕೆ ಸೇರಿತ್ತು. ಅಜ್ಜಿ ಮಾತ್ರ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಗಾಡಿಯಲ್ಲಿ ಗುಂಡು ಚಿಕ್ಕಮ್ಮನ ತೊಡೆಯ ಮೇಲಿದ್ದಳು. ಗಾಡಿ ಎರಡು ತಿರುವು ದಾಟಿತು.

"ನನ್ನ ಮೇಲೆ ಹೊರಿಸೋಕೆ ಅಂತ ಏನಾದ್ರೂ ಕೊಟ್ರಾ ಅಮ್ಮ?" ಎಂದು ಚಿಕ್ಕಮ್ಮ ಕೇಳಿದಳು. ದನಿ ಏರಿರಲಿಲ್ಲ.

ಅಜ್ಜಿ ತಿರುಗಿ ನೋಡಿದಳು. ಆ ಹೆಂಗಸು ಅಜ್ಜಿಯ ಕೈಗಳನ್ನೇ ನೋಡುತ್ತಿದ್ದಳು, ಉಗುರಿನ ಸಂದಿಯಲ್ಲಿ ಏನಾದರೂ ಅಂಟಿದೆಯೇ ಎಂಬಂತೆ. ಅಜ್ಜಿ ಕೈಗಳನ್ನು ಚೀಲದ ಕೆಳಗೆ ಸರಿಸಿಕೊಂಡಳು. ಸರಿಸಿಕೊಂಡ ಮೇಲೆ, ತಪ್ಪು ಮಾಡಿದವರು ಮಾಡುವುದೂ ಇದನ್ನೇ ಎಂದು ಹೊಳೆಯಿತು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಕನ್ನಡಕದ ಒಂದು ಕಡ್ಡಿಗೆ ಟೇಪು ಸುತ್ತಿಕೊಂಡಿದ್ದಳು. ಗುಂಡುವಿಗೆ ಜ್ವರವಿಲ್ಲ, ತಲೆಗೆ ಪೆಟ್ಟಿಲ್ಲ, ಸಕ್ಕರೆ ಸರಿಯಿದೆ. ಮನೆಯಲ್ಲಿ ನಿದ್ದೆಮಾತ್ರೆ ತೆಗೆದುಕೊಳ್ಳುವವರು ಯಾರಾದರೂ ಇದ್ದಾರಾ, ಇಲಿಪಾಷಾಣ, ಕೀಟನಾಶಕ ಇಟ್ಟಿದ್ದೀರಾ ಎಂದು ಒಂದೊಂದಾಗಿ ಕೇಳಿದಳು. ಯಾರು ಏನು ಕೆಲಸ ಮಾಡುವುದು ಎಂದೂ ಕೇಳಿದಳು. ಔಷಧದಂಗಡಿ ಎಂದು ಚಿಕ್ಕಮ್ಮ ಹೇಳಿದಾಗ ಡಾಕ್ಟರ ಪೆನ್ನು ಒಂದು ಗಳಿಗೆ ನಿಂತಿತು.

"ಮಗು ನಿಮ್ಮದೇನಾ?"

"ನನ್ನ ಗಂಡಂದು."

ಪೆನ್ನು ಬರೆಯಿತು. ವಿಷದ ಅನುಮಾನವಿದ್ದರೆ ತಾವು ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ, ಯಾರೂ ತಪ್ಪು ತಿಳಿಯಬಾರದು ಎಂದು ಡಾಕ್ಟರು ಹೇಳಿದಳು. ಹೇಳುವಾಗ ನೋಡಿದ್ದು ಚಿಕ್ಕಮ್ಮನ ಕಡೆ.

ಮೂರು ತಿಂಗಳಿಂದ ಅಜ್ಜಿ ಕಾದಿದ್ದ ಮಾತು ಅದು. ಬಾಯಿ ಬಿಡುವುದೂ ಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕು, ಉಳಿದದ್ದು ತಾನಾಗಿ ನಡೆಯುತ್ತಿತ್ತು. ಚಿಕ್ಕಮ್ಮ ಗೋಡೆಗೆ ಒರಗಿ ನಿಂತಿದ್ದಳು. ಮಂಚದ ಮೇಲೆ ಗುಂಡುವಿನ ಉಸಿರು ಬೇಗಬೇಗ ಆಡುತ್ತಿತ್ತು.

ಅಜ್ಜಿ ಡಾಕ್ಟರ ಕಡೆ ಕೈ ಚಾಚಿ ಪೆನ್ನು ಕೇಳಿದಳು. ನೋಟ್‌ಬುಕ್ಕನ್ನು ಮಂಚದ ಅಂಚಿಗಿಟ್ಟು, ಖಾಲಿ ಬಿಟ್ಟಿದ್ದ ಜಾಗ ಹುಡುಕಿ, ಎರಡನೆಯ ದಿನದ ಎದುರು 'ತಲೆನೋವು' ಎಂದು ಬರೆದಳು. ಮೂರನೆಯ ದಿನದ ಎದುರು 'ಬೈಗುಳ, ಬಿದ್ದಳು, ಎಚ್ಚರವಿಲ್ಲ' ಎಂದು ಬರೆದಳು. ಕಾರ್ಖಾನೆಯಲ್ಲಿ ಸ್ವಂತ ಪಾಳಿಯ ಸೀಸೆ ಒಡೆದರೂ ಬರೆದುಕೊಳ್ಳಲೇಬೇಕಿತ್ತು. ಬರೆದು ಡಾಕ್ಟರ ಕೈಗೆ ಕೊಟ್ಟಳು.

"ಕೊನೇ ಮೂರು ದಿನದ್ದೂ ನನ್ನ ಕೈಯದು," ಎಂದಳು. "ಮೊಟ್ಟೆ ಬಿಟ್ರೆ ಬೇರೆ ಏನೂ ಇಲ್ಲ. ಅದಕ್ಕೂ ಹೀಗೇ ಆಯ್ತು."

ಡಾಕ್ಟರು ಮೊದಲು ಬೇಸರದಿಂದ ಹಾಳೆ ತಿರುವಿದಳು. ಆಮೇಲೆ ನಿಂತು ಓದಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಎರಡನೆಯ ಕಾಲಂನ ಮೇಲೆ ಬೆರಳಿಟ್ಟು ಕೆಳಗಿಳಿಸಿದಳು: ಕೋಳಿ, ಹಾಲು ಪುಡಿ, ಮಾಂಸ, ಮೊಟ್ಟೆ. ಬೆರಳು ಪಕ್ಕದ ಕಾಲಂಗೆ ಸರಿಯಿತು. ನಾಲ್ಕನೆಯ ಕಾಲಂ ಅವಳು ನೋಡಲೇ ಇಲ್ಲ. ಅವಳು ಕೇಳಿದ ಮುಂದಿನ ಪ್ರಶ್ನೆ ಬೇರೆಯೇ ಆಗಿತ್ತು.

"ಮನೇಲಿ ಗಂಡುಮಕ್ಕಳು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡಿದ್ದಾರಾ?"

ಅಜ್ಜಿ ಮಗಳ ಎರಡು ಮಕ್ಕಳ ವಿಷಯ ಹೇಳಿದಳು. ಇನ್ನೂ ಯಾರಾದರೂ ಎಂದು ಡಾಕ್ಟರು ಬಿಡಲಿಲ್ಲ. ತನ್ನ ಮೊದಲನೆಯ ಮಗು ಗಂಡು, ಮೂರನೆಯ ದಿನ ಹೋಯಿತು. ನಲವತ್ತೈದು ವರ್ಷದ ಹಿಂದಿನ ಮಾತು, ಆಗ ಸೂಲಗಿತ್ತಿಯ ಮೇಲೆ ತನಗೆ ಗುಮಾನಿಯಿತ್ತು. ತನ್ನ ತಾಯಿಗೆ ಇಬ್ಬರು. ಹೇಳುತ್ತಾ ಹೋದ ಹಾಗೆ, ಬೇರೆ ಬೇರೆ ಮನೆಯ ಬೇರೆ ಬೇರೆ ಸಾವುಗಳು ಒಂದೇ ಪಟ್ಟಿಯ ಮೇಲೆ ಸಾಲಾಗಿ ಬಂದು ನಿಂತವು.

"ನೀವು ಮೊಟ್ಟೆ, ಮಾಂಸ ತಿಂತೀರಾ ಅಜ್ಜಿ?"

"ಇಲ್ಲ. ಸೇರಲ್ಲ. ತಲೆ ಭಾರ ಆಗುತ್ತೆ."

ಡಾಕ್ಟರು ಎದ್ದಳು. ಗುಂಡುವಿನ ತೋಳಿನಿಂದ ತೆಗೆದ ರಕ್ತದ ಸಣ್ಣ ನಳಿಕೆಯನ್ನು ಮಂಜುಗಡ್ಡೆ ತುಂಬಿದ ಬಟ್ಟಲಲ್ಲಿ ಹೂತು, ನರ್ಸು ಅದನ್ನು ಹಿಡಿದುಕೊಂಡು ಕಾರಿಡಾರಿನಲ್ಲಿ ಓಡಿದಳು. ಮುಕ್ಕಾಲು ಗಂಟೆಗೆ ಫಲಿತಾಂಶ ಬಂತು. ರಕ್ತದಲ್ಲಿ ಅಮೋನಿಯ ಇರಬೇಕಾದ್ದಕ್ಕಿಂತ ಆರು ಪಟ್ಟು ಇತ್ತು. ಪೊಲೀಸರ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಗುಂಡುವಿನ ಎರಡೂ ಕೈಗೆ ಸೂಜಿ ಹಾಕಿ ಗ್ಲೂಕೋಸು, ಔಷಧ ಬಿಟ್ಟರು. ಅವಳು ಕಣ್ಣು ತೆರೆದು "ನೀರು" ಎಂದದ್ದು ಮಂಗಳವಾರ ಬೆಳಿಗ್ಗೆ.

ಆ ಮಧ್ಯಾಹ್ನ, ಅಳಿಯನೂ ಬಂದ ಮೇಲೆ, ಡಾಕ್ಟರು ಮೂವರನ್ನೂ ಕೂರಿಸಿಕೊಂಡಳು. ಉಂಡ ಪ್ರೋಟೀನು ಮೈಯಲ್ಲಿ ಕರಗುವಾಗ ಅಮೋನಿಯ ಎಂಬ ಹೊಲಸು ಹುಟ್ಟುತ್ತದೆ, ಅದನ್ನು ತೊಳೆದು ಮೂತ್ರಕ್ಕೆ ಕಳಿಸುವುದು ಲಿವರಿನ ಕೆಲಸ, ಈ ಹುಡುಗಿಯ ಲಿವರಿನಲ್ಲಿ ಆ ಕೆಲಸ ಅರೆಬರೆ, ಉಳಿದ ಹೊಲಸು ಮಿದುಳಿಗೆ ಏರುತ್ತದೆ ಎಂದಳು. ಮಗುವಿಗೆ ವಿಷ ಹಾಕಿದ್ದು ಯಾರೂ ಅಲ್ಲ. ಬೇರೆ ಮಕ್ಕಳಿಗೆ ಪುಷ್ಟಿಯಾಗುವುದೇ ಇವಳಿಗೆ ಹಾಗಾಗುತ್ತದೆ. ತಪ್ಪು ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಗಂಡುಮಕ್ಕಳಿಗೆ ಅದು ಒಂದೇ ಇರುತ್ತದೆ. ಹುಟ್ಟುವಾಗ ಚೆನ್ನಾಗೇ ಇದ್ದು, ಹಾಲು ಕುಡಿಯತೊಡಗಿದ ಎರಡು ಮೂರು ದಿನಕ್ಕೆ ಹೋಗಿಬಿಡುತ್ತಾರೆ.

"ಹುಡುಗಿಯರಿಗೆ ಎರಡು ಇರುತ್ತಲ್ಲ," ಎಂದಳು ಚಿಕ್ಕಮ್ಮ. "ಒಂದು ಕೆಟ್ಟರೂ ಇನ್ನೊಂದು ನೋಡ್ಕೊಳ್ಳುತ್ತೆ ಅಂತ ನಾನು ಓದಿದ್ದೆ."

"ನಾವೂ ಹಾಗೇ ಅಂದ್ಕೊಂಡು ಹುಡುಗಿಯರನ್ನ ಸರಿಯಾಗಿ ನೋಡೋದೇ ಇಲ್ಲ," ಎಂದಳು ಡಾಕ್ಟರು. "ಎರಡಿದ್ರೂ ಒಂದೊಂದು ಜೀವಕೋಶದಲ್ಲಿ ಒಂದೇ ಎಚ್ಚರ ಇರುತ್ತೆ, ಇನ್ನೊಂದು ಮಲಗಿಬಿಡುತ್ತೆ. ಯಾವುದು ಮಲಗುತ್ತೆ ಅನ್ನೋದು ಯಾರ ಕೈಲೂ ಇಲ್ಲ. ಲಿವರಿನಲ್ಲಿ ಒಳ್ಳೇದು ಹೆಚ್ಚು ಎಚ್ಚರ ಇದ್ರೆ ಅಜ್ಜಿ ಹಾಗೆ ಅರವತ್ತೇಳು ವರ್ಷ ತಿಳೀದೇನೇ ಕಳೆದುಹೋಗಬಹುದು. ಒಳ್ಳೇದು ಹೆಚ್ಚು ಮಲಗಿದ್ರೆ ಇವಳ ಹಾಗೆ."

ಅಳಿಯ ಕುರ್ಚಿಯಲ್ಲಿ ಸರಿದು ಕೂತ. ಹಾಗಾದರೆ ಇದು ತಮ್ಮ ಕಡೆಯಿಂದ ಬಂದದ್ದಲ್ಲ ಎಂದ ಹಾಗಾಯಿತು ಎಂದ. ಅನ್ನಬಾರದಿತ್ತೆಂದು ಅವನಿಗೇ ಅನ್ನಿಸಿರಬೇಕು, ಅಂಗಿಯ ಗುಂಡಿ ತಿರುವತೊಡಗಿದ.

ಅಜ್ಜಿ ಡಾಕ್ಟರ ಕಡೆ ಬಾಗಿ ಕೇಳಿದಳು. "ನನ್ನ ಮಗಳೂ ಹೆರಿಗೆಯಾಗಿ ಒಂಬತ್ತನೇ ದಿನಕ್ಕೆ ಹೀಗೇ ಮಾತಾಡಿದ್ಲು. ಅದೂ ಇದೇನಾ?"

"ಹೆರಿಗೆ ಆದ್ಮೇಲೆ ಕೆಲವರಿಗೆ ಹಾಗೆ ಮೇಲೇಳುತ್ತೆ. ಈಗ ಹೇಗೆ ಹೇಳಲಿ ಅಜ್ಜಿ, ಅವರ ರಕ್ತ ನಮ್ಮ ಹತ್ತಿರ ಇಲ್ಲ. ಅನುಮಾನ ಪಡಬಹುದು, ಅಷ್ಟೇ."

ಇಂಜೆಕ್ಷನ್ ಚುಚ್ಚಿದ ನರ್ಸಿನ ಮುಖ ನೆನಪಾಯಿತು. ಆರು ವರ್ಷ ಬಿಡದೆ ಹಿಡಿದಿಟ್ಟುಕೊಂಡಿದ್ದ ಮುಖ. ಮೂಗಿನ ಪಕ್ಕ ಒಂದು ಮಚ್ಚೆ. ಅದನ್ನು ಈಗ ಏನು ಮಾಡುವುದೆಂದು ಅಜ್ಜಿಗೆ ತಿಳಿಯಲಿಲ್ಲ. ತನ್ನ ರಕ್ತವನ್ನೂ ತೆಗೆದುಕೊಳ್ಳಿ ಎಂದು ತೋಳು ಚಾಚಿದಳು.

ಸಂಜೆ ಅಳಿಯ ಊಟ ತರಲು ಹೋದಾಗ, ಕಾರಿಡಾರಿನ ಬೆಂಚಿನ ಮೇಲೆ ಚಿಕ್ಕಮ್ಮ ನೋಟ್‌ಬುಕ್ಕು ಓದುತ್ತ ಕೂತಿದ್ದಳು. ಡಾಕ್ಟರು ಅದರ ಪ್ರತಿ ತೆಗೆದುಕೊಂಡು ಅವಳ ಕೈಗೇ ವಾಪಸ್ಸು ಕೊಟ್ಟಿದ್ದಳು. ಅಜ್ಜಿ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು.

"ಇಪ್ಪತ್ತಮೂರು ಸಲ 'ಅವಳದು' ಅಂತ ಬರೆದಿದೀರಿ," ಎಂದಳು ಚಿಕ್ಕಮ್ಮ. "ನನ್ನ ಹೆಸರು ಒಂದು ಕಡೇನೂ ಇಲ್ಲ."

"ಬರೆದೆ."

"ಈಗಲೂ ನನ್ನ ನೋಡಿದ್ರೆ ಅನುಮಾನಾನಾ?"

ಸುಳ್ಳು ಹೇಳುವ ಶಕ್ತಿ ಅಜ್ಜಿಗೆ ಉಳಿದಿರಲಿಲ್ಲ. "ಅಭ್ಯಾಸ ಅದು. ಅಷ್ಟು ಬೇಗ ಹೋಗಲ್ಲ."

ಚಿಕ್ಕಮ್ಮ ನೋಟ್‌ಬುಕ್ಕು ಮುಚ್ಚಿ ನಡುವಿನ ಖಾಲಿ ಜಾಗದಲ್ಲಿಟ್ಟಳು.

"ನನಗೂ ಶುರುವಾಗಿದೆ," ಎಂದಳು. "ಗಾಡೀಲಿ ಬರ್ತಾ ಶುರುವಾದದ್ದು."

ಹನ್ನೆರಡು ದಿನಕ್ಕೆ ಗುಂಡು ಮನೆಗೆ ಬಂದಳು. ದಿನಕ್ಕೆ ಎಷ್ಟು ಗ್ರಾಂ ಪ್ರೋಟೀನು ಎಂದು ಆಸ್ಪತ್ರೆಯವರು ಪಟ್ಟಿ ಮಾಡಿಕೊಟ್ಟಿದ್ದರು. ಹೆಚ್ಚಾದರೂ ಕಷ್ಟ, ತೀರಾ ಕಡಿಮೆಯಾದರೂ ಕಷ್ಟ. ಜ್ವರ ಬಂದರೆ, ವಾಂತಿಯಾದರೆ, ಊಟ ಬಿಟ್ಟರೆ ಕಾಯದೆ ಬರಬೇಕು. ಹುಡುಗಿ ಮೊದಲಿನಂತೆ ಮಾತಾಡುತ್ತಿದ್ದಳು, ಆದರೆ ಗುಣಾಕಾರದ ಮಗ್ಗಿ ಏಳರ ಆಚೆಗೆ ಮರೆತುಹೋಗಿತ್ತು. ಅದು ಬರುತ್ತದೋ ಇಲ್ಲವೋ ಕಾದು ನೋಡಬೇಕು ಎಂದಿದ್ದರು. ಮನೆಯಲ್ಲಿ ಎರಡು ಅಡುಗೆ ನಿಂತು ಒಂದಾಯಿತು, ಯಾರೂ ಹೇಳಿ ಮಾಡಿದ್ದಲ್ಲ. ತೂಕ ಹಾಕುವವಳು ಒಬ್ಬಳಾದರೆ ಸಾಲದು, ಇನ್ನೊಬ್ಬಳು ನೋಡಬೇಕಿತ್ತು. ಯಾರು ತೂಗಿದರೂ ಇನ್ನೊಬ್ಬಳು ನೋಡುತ್ತಿದ್ದಳು.

ಆರು ವಾರ ಕಳೆದು ಅಜ್ಜಿಯ ಫಲಿತಾಂಶ ಬಂತು. ಗುಂಡುವಿನ ವರ್ಣತಂತುವಿನಲ್ಲಿ ಯಾವ ಅಕ್ಷರ ತಪ್ಪಿತ್ತೋ ಅಜ್ಜಿಯದರಲ್ಲೂ ಅದೇ. ಇದುವರೆಗೆ ಹೇಗೆ ಉಂಡಿರೋ ಹಾಗೇ ಉಣ್ಣಿ, ಎಚ್ಚರಿಕೆಯಿಂದಿರಿ ಎಂದು ಡಾಕ್ಟರು ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳಿದಳು. ಚಿಕ್ಕಮ್ಮ ಅದನ್ನು ಅಜ್ಜಿಗೆ ಹೇಳಿ, ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದಳು.

ಸಂಜೆ ಕೆಲಸದಿಂದ ಬಂದವಳು ಎಂದಿನಂತೆ ತೂಕದ ಯಂತ್ರದ ಮೇಲೆ ಗುಂಡುವಿನ ತಟ್ಟೆ ಇಟ್ಟಳು. ಅನ್ನ ಹಾಕಿದಳು, ಒಂದು ಚಮಚ ತೆಗೆದಳು, ಅರ್ಧ ಚಮಚ ಮತ್ತೆ ಹಾಕಿದಳು. ಅಜ್ಜಿ ಅವಳ ಭುಜದ ಹಿಂದೆ ನಿಂತು ಅಂಕಿಗಳನ್ನು ನೋಡಿದಳು. ಗುಂಡು ತಟ್ಟೆ ಎತ್ತಿಕೊಂಡು ಪಡಸಾಲೆಗೆ ಹೋದಳು.

ಚಿಕ್ಕಮ್ಮ ಕಪಾಟಿನಿಂದ ಇನ್ನೊಂದು ತಟ್ಟೆ ತೆಗೆದು ಯಂತ್ರದ ಮೇಲಿಟ್ಟಳು. ಸೌಟಿನಲ್ಲಿ ಅನ್ನ ಹಾಕಿದಳು. ಕೆಂಪು ಅಂಕಿಗಳು ಮೇಲೆ ಕೆಳಗೆ ಆಡಿದವು. ಅವು ನಿಲ್ಲುವವರೆಗೂ ಇಬ್ಬರೂ ಬಾಗಿ ನೋಡುತ್ತಿದ್ದರು. ನಿಂತ ಮೇಲೆ ಅವಳು ನಾಲ್ಕು ಅಗುಳು ತೆಗೆದು, ತಟ್ಟೆಯನ್ನು ಅಜ್ಜಿಯ ಕಡೆ ಸರಿಸಿದಳು.